ಗೊರವಂಕದ ಅಂಚಿಗೆ ಐದು ವರ್ಷದ ಕಾವಲು

ಅಕ್ಕಯಮ್ಮನ ಮನೆಯ ಕಂಪ್ಯೂಟರ್ ಕೆಲವು ತಿಂಗಳಿಂದ ಒಂದೇ ರಾಗ ಎಳೆಯುತ್ತಿತ್ತು. ಆನ್ ಮಾಡಿದ ಕೂಡಲೇ ತೆರೆಯ ಮೇಲೆ ದೊಡ್ಡದೊಂದು ಚೌಕ ಬರುವುದು, ಅದರಲ್ಲಿ ಇಂಗ್ಲಿಷಿನಲ್ಲಿ ಏನೇನೋ ಬರೆದಿರುವುದು. ಅದನ್ನು ಓದುವ ಗೋಜಿಗೆ ಅವಳು ಹೋದವಳಲ್ಲ. ಮೂಲೆಯಲ್ಲಿರುವ ಗುಣಾಕಾರದ ಗುರುತು ಒತ್ತಿದರೆ ಚೌಕ ಮಾಯವಾಗುತ್ತದೆ ಎಂಬುದು ಗೊತ್ತಿತ್ತು. ಒತ್ತುತ್ತಿದ್ದಳು, ಮಾಯವಾಗುತ್ತಿತ್ತು. ನಮ್ಮಲ್ಲಿ ಬಹಳ ಜನ ಮಾಡುವುದೂ ಅದನ್ನೇ, ಹಾಗಾಗಿ ಅವಳನ್ನು ನೋಡಿ ನಗುವ ಹಾಗಿಲ್ಲ.

ಆ ಕಂಪ್ಯೂಟರಿನಿಂದ ಅವಳಿಗೆ ಆಗಬೇಕಾದ್ದು ಒಂದೇ ಕೆಲಸ. ಸಂಜೆಯಾಗಿ, ದೊಡ್ಡಬಳ್ಳಾಪುರದ ಆ ಬೀದಿಯ ಮಗ್ಗಗಳು ಒಂದೊಂದಾಗಿ ನಿಂತು, ಕಿವಿಯಲ್ಲಿ ಇನ್ನೂ ಅವುಗಳ ಸದ್ದು ಉಳಿದಿರುವ ಹೊತ್ತಿನಲ್ಲಿ ಅವಳು ಕೈಕಾಲು ತೊಳೆದು ಬಂದು ತೆರೆಯ ಮುಂದೆ ಕೂರುತ್ತಿದ್ದಳು. ಒಂದು ಚಿತ್ರ ತೆಗೆಯುತ್ತಿದ್ದಳು. ಸೀರೆಯ ಅಂಚಿನ ಚಿತ್ರ. ಅವರೆ ಬಳ್ಳಿ, ಬಳ್ಳಿಯ ಮೇಲೆ ಜೋಡಿ ಗೊರವಂಕ ಹಕ್ಕಿ. ಸ್ವಲ್ಪ ಹೊತ್ತು ನೋಡಿ, ಮುಚ್ಚಿ, ಮುದ್ದೆಗೆ ಎಸರಿಡಲು ಏಳುತ್ತಿದ್ದಳು.

ಆ ಅಂಚು ಮೊದಲು ಇದ್ದದ್ದು ಅವಳ ಅಮ್ಮನ ಮದುವೆ ಸೀರೆಯಲ್ಲಿ. ಅಕ್ಕಯಮ್ಮನ ತವರು ನಂದಗುಡಿ ಕಡೆ, ರಾಗಿ ಬೆಳೆಯುವ ಮನೆ. ಬೀದಿಯಲ್ಲಿ ‘ಹಳೇ ಜರಿ ಸೀರೆ ತಗೋತೀವಿ’ ಎಂದು ಕೂಗುತ್ತ ಬರುವವರಿಗೆ ಅಮ್ಮ ಒಂದು ದಿನ ಅದನ್ನು ಕೊಟ್ಟುಬಿಟ್ಟಳು. ಅವರು ಸೀರೆ ಸುಟ್ಟು ಜರಿಯಲ್ಲಿನ ಬೆಳ್ಳಿ ತೆಗೆಯುತ್ತಾರೆ. ಸೀರೆ ಹೋಯಿತು, ಕೆಲವು ವರ್ಷಕ್ಕೆ ಅಮ್ಮನೂ ಹೋದಳು. ಒಂದು ಫೋಟೋ ಕೂಡ ಇರಲಿಲ್ಲ. ಆ ಅಂಚು ಉಳಿದದ್ದು ಚಿಕ್ಕಂದಿನಲ್ಲಿ ಅಮ್ಮನ ಮಡಿಲಲ್ಲಿ ಮಲಗಿ ಅದನ್ನು ಬೆರಳಿನಿಂದ ಸವರುತ್ತಿದ್ದ ಮಗಳ ನೆನಪಿನಲ್ಲಿ ಮಾತ್ರ.

ಗಂಡ ಗೋವಿಂದರಾಜು ಮಗ್ಗಕ್ಕೆ ಡಿಸೈನ್ ಬರೆಯುವವನು. ಸೀರೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಚುಕ್ಕಿ ಚುಕ್ಕಿಯಾಗಿ ತುಂಬಿ, ಅದರಂತೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಸಿ, ಆ ಕಾರ್ಡು ಮಗ್ಗದ ಮೇಲೆ ಏರಿದರೆ ಚಿತ್ರ ಬಟ್ಟೆಗೆ ಇಳಿಯುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಅವನು ಅಕ್ಕಯಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ.

“ಹೇಳು, ಕೊಕ್ಕು ಎತ್ಲಾಗೆ ತಿರುಗಿತ್ತು?”

“ಒಂದನ್ನೊಂದು ನೋಡ್ತಿದ್ವು. ಅಲ್ಲ ತಡೀರಿ, ಒಂದು ಹಿಂದಕ್ಕೆ ತಿರುಗಿತ್ತು.”

“ಸರಿಯಾಗಿ ನೆನಪು ಮಾಡ್ಕೊಳ್ಳೇ. ಅಳಿಸೀ ಅಳಿಸೀ ನನ್ನ ಕೈ ಸೋತೋಯ್ತು.”

ಹೀಗೆ ಅವಳು ಹೇಳುವುದು, ಅವನು ಬರೆಯುವುದು, ಅವಳು ‘ಹಂಗಲ್ಲ’ ಅನ್ನುವುದು, ಅವನು ಅಳಿಸುವುದು. ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಅಂಚು ಮುಗಿದು ತಿಂಗಳಾಗಿರಲಿಲ್ಲ, ಎದೆನೋವೆಂದು ಆಸ್ಪತ್ರೆಗೆ ಹೋದ ಗೋವಿಂದರಾಜು ಮನೆಗೆ ಬರಲಿಲ್ಲ.

ಕಾರ್ಡು ಹೊಡೆಸುವುದೊಂದು ಬಾಕಿ ಇತ್ತು. ಅಕ್ಕಯಮ್ಮ ಹೊಡೆಸಲಿಲ್ಲ. ಕೇಳಿದವರಿಗೆ ಮಗ್ಗ ಬಿಡುವಿಲ್ಲ, ನೂಲಿನ ಮಾಲು ಕೊಡುವವರು ಅವರ ಡಿಸೈನೇ ನೇಯಿ ಅಂತಾರೆ ಎಂದು ಹೇಳುತ್ತಿದ್ದಳು. ಅದು ನಿಜವೇ. ಆದರೆ ಒಳಗಿನ ಮಾತು ಬೇರೆ ಇತ್ತು. ಆ ಅಂಚು ನೇಯ್ದು ಮುಗಿದರೆ ಗಂಡ ಬಿಟ್ಟುಹೋದ ಕೆಲಸ ಅಂತ ಇನ್ನೇನೂ ಉಳಿಯುವುದಿಲ್ಲ. ಆದರೂ ಒಂದು ಆಸೆ ಮಾತ್ರ ಬಿಡುತ್ತಿರಲಿಲ್ಲ: ಒಂದೇ ಒಂದು ಸಲ ಆ ಹಕ್ಕಿಗಳನ್ನು ಬಟ್ಟೆಯ ಮೇಲೆ ಬೆರಳಿಟ್ಟು ಸವರಬೇಕು. ಇವತ್ತಲ್ಲ ನಾಳೆ ಎಂದುಕೊಂಡೇ ಎರಡು ವರ್ಷ ಕಳೆದವು.

ಕಳೆದ ವರ್ಷದ ಆಯುಧಪೂಜೆಗೆ ಮಗಳು ಅಕ್ಷತ, ಅಳಿಯ ನವೀನ್‌ಕುಮಾರ್ ದಾಬಸ್‌ಪೇಟೆಯಿಂದ ಬಂದರು. ನವೀನ್ ಸೋಂಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸದಲ್ಲಿದ್ದಾನೆ. ಒಳ್ಳೆಯ ಹುಡುಗ. ಒಂದೇ ದೋಷವೆಂದರೆ, ಫೋನಾಗಲಿ ಬೈಕಾಗಲಿ ಹೊಸದು ಬಂತೆಂದರೆ ಅವನಿಗೆ ಊಟ ಸೇರದು. ಮಧ್ಯಾಹ್ನ ಹೋಳಿಗೆ ಊಟ ಮುಗಿಸಿ ಕಂಪ್ಯೂಟರ್ ಹಾಕಿದವನಿಗೆ ಆ ಚೌಕ ಕಣ್ಣಿಗೆ ಬಿತ್ತು.

“ಅತ್ತೆ, ಇದು ಏನು ಹೇಳ್ತಿದೆ ಗೊತ್ತಾ? ಈ ತಿಂಗಳು ಹದಿನಾಲ್ಕು ಆದ್ಮೇಲೆ ಈ ವಿಂಡೋಸ್ ಹತ್ತನ್ನ ನೋಡ್ಕೊಳ್ಳೋರು ಯಾರೂ ಇರಲ್ವಂತೆ.”

“ಎರಡು ವರ್ಷದಿಂದ ನಾನೇ ತಾನೆ ನೋಡ್ಕೋತಿರೋದು ಅಳಿಯಂದ್ರೆ. ದಿನಾ ಒರೆಸ್ತೀನಿ.”

“ಒರೆಸೋದಲ್ಲ ಅತ್ತೆ. ಕಂಪ್ಯೂಟರ್ ಒಳಗೆ ಆಪರೇಟಿಂಗ್ ಸಿಸ್ಟಮ್ ಅಂತ ಇರುತ್ತೆ. ನೀವು ಏನು ಒತ್ತಿದ್ರೂ ಅದೇ ಕೆಲಸ ಮಾಡಿಸೋದು. ಅದ್ರಲ್ಲಿ ಆಗಾಗ ತೂತು ಕಾಣಿಸ್ಕೊಳ್ತವೆ, ಕಳ್ಳರು ಅದ್ರಲ್ಲೇ ನುಗ್ಗೋದು. ಕಂಪನಿಯವ್ರು ತೇಪೆ ಕಳಿಸ್ತಾ ಇರ್ತಾರೆ. ಇನ್ಮೇಲೆ ತೇಪೆ ಬರಲ್ಲ.”

“ಹಂಗಾದ್ರೆ ನಿಂತೋಗುತ್ತಾ?”

“ನಿಲ್ಲಲ್ಲ, ಓಡುತ್ತೆ. ಚಿಲಕ ಇಲ್ಲದ ಮನೇಲಿ ವಾಸ ಮಾಡಿದಂಗೆ, ಅಷ್ಟೇ. ಹೊಸ ವಿಂಡೋಸ್ ಹಾಕೋಣ ಅಂದ್ರೆ ಅದು ಈ ಹಳೇ ಕಂಪ್ಯೂಟರ್‌ನ ಒಪ್ಕೊಳ್ಳಲ್ಲ. ಅದಕ್ಕೇ ಬಿಟ್ಟಿ ಸಿಗೋ ಲಿನಕ್ಸ್ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕ್ಬಿಡ್ತೀನಿ. ಲೇಟೆಸ್ಟ್ ಇರೋದನ್ನೇ ಪೆನ್‌ಡ್ರೈವಲ್ಲಿ ತಂದಿದೀನಿ.”

“ಓಡೋ ಮಗ್ಗಕ್ಕೆ ಕೈ ಹಾಕಬಾರದು ಅಂತಾರಪ್ಪ.”

“ಏನೂ ಆಗಲ್ಲ ಅತ್ತೆ. ನಿಮ್ಮ ಫೈಲು ಒಂದೂ ಮುಟ್ಟಲ್ಲ. ಪಕ್ಕದಲ್ಲಿ ಜಾಗ ಮಾಡಿ ಕೂರಿಸ್ತೀನಿ.”

ಹಬ್ಬಕ್ಕೆ ಬಂದ ಅಳಿಯನಿಗೆ ಬೇಡ ಎನ್ನುವುದು ಹೇಗೆ. ಅಕ್ಕಯಮ್ಮ ‘ಹೂಂ’ ಅಂದು ಒಳಗೆ ಹೋದಳು. ನವೀನ್ ಕೆಲಸ ಶುರು ಮಾಡಿದ. ಹಳೆಯ ಡಿಸ್ಕನ್ನು ಒತ್ತರಿಸಿ ಹೊಸದಕ್ಕೆ ಜಾಗ ಮಾಡಿಕೊಡುವ ಕೆಲಸ ಅದು, ನಿಧಾನ. ಅದರ ಪಾಡಿಗೆ ಅದು ಓಡುತ್ತಿರಲಿ ಎಂದು ಬೈಕ್ ತೊಳೆದು, ಬೂದುಗುಂಬಳ ತರಲು ಪೇಟೆಗೆ ಹೋದ.

ಮಗ್ಗದ ಮನೆಗಳಲ್ಲಿ ಆಯುಧಪೂಜೆಗೆ ಒಂದು ಕಟ್ಟು ಇದೆ. ಕುಂಕುಮ ಇಟ್ಟ ಆಯುಧ ಮಾರನೆಯ ದಿನದವರೆಗೆ ಓಡಬಾರದು. ವರ್ಷವೆಲ್ಲ ದುಡಿದದ್ದು ಅದೊಂದು ರಾತ್ರಿ ಸುಮ್ಮನೆ ಮಲಗಬೇಕು. ಗೋವಿಂದರಾಜು ಮಗ್ಗ, ಲಾಳಿ, ಕತ್ತರಿ, ಕಂಪ್ಯೂಟರ್ ಎಲ್ಲಕ್ಕೂ ಕುಂಕುಮ ಇಟ್ಟು, ಕೊನೆಯಲ್ಲಿ ಮಗ್ಗದ ಕೋಣೆಯ ಮೇನ್ ಸ್ವಿಚ್ಚನ್ನೇ ಕೆಳಗಿಳಿಸಿ ಕೈಮುಗಿಯುತ್ತಿದ್ದ. ಅವನು ಹೋದ ಮೇಲೂ ಅಕ್ಕಯಮ್ಮ ಅದನ್ನು ತಪ್ಪಿಸಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವಳು ಎಲ್ಲಕ್ಕೂ ಹೂವು ಏರಿಸಿದಳು. ಕಂಪ್ಯೂಟರಿನ ಸಣ್ಣ ದೀಪ ಮಿಣಕುತ್ತಿತ್ತು. ಅಳಿಯ ಆರಿಸುವುದು ಮರೆತಿದ್ದಾನೆ ಎಂದುಕೊಂಡಳು. ಮೇನ್ ಸ್ವಿಚ್ ಇಳಿಸಿ, ಭಕ್ತಿಯಿಂದ ಕೈಮುಗಿದಳು. ಕರೆಂಟು ಹೋದರೆ ತಡೆಯಬೇಕಾದ ಯುಪಿಎಸ್‌ನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಪೂಜೆಯಾದ ಕೋಣೆಗೆ ಆ ರಾತ್ರಿ ಮತ್ತೆ ಯಾರೂ ಹೋಗಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಕಪ್ಪು ತೆರೆ, ಮೇಲೊಂದು ಸಾಲು ಬಿಳಿ ಅಕ್ಷರ. ಹಳೆಯದೂ ಇಲ್ಲ, ಹೊಸದೂ ಇಲ್ಲ. ನವೀನ್ ಮತ್ತೆ ಮತ್ತೆ ಆರಿಸಿ ಹಾಕಿದ. ಅವನ ಮುಖ ಬಿಳಚಿಕೊಂಡಿತ್ತು.

“ಅತ್ತೆ, ಡಿಸ್ಕು ಅರ್ಧಕ್ಕೆ ನಿಂತೋಗಿದೆ. ನಡುವೆ ಕರೆಂಟ್ ಹೋಯ್ತೇನೋ.”

ಅಕ್ಕಯಮ್ಮ ಕೇಳಿದ್ದು ಒಂದೇ ಮಾತು. “ಅಂಚು?”

ಅವನು ತಲೆ ತಗ್ಗಿಸಿದ. ಕರೆಂಟ್ ಹೋಗಿರಲಿಲ್ಲ, ತೆಗೆದದ್ದು ತಾನೇ ಎಂದು ಅಕ್ಕಯಮ್ಮನಿಗೆ ಆ ಕ್ಷಣಕ್ಕೆ ಹೊಳೆಯಿತು. ಬಾಯಿ ಬಿಡಲಾಗಲಿಲ್ಲ. ಅಳಿಯನನ್ನು ಬೈಯುವಂತಿಲ್ಲ, ತನ್ನನ್ನು ಬೈದುಕೊಂಡರೆ ಅಂಚು ಬರುವುದಿಲ್ಲ. ಚಿಕ್ಕಂದಿನಲ್ಲಿ ಅಮ್ಮನ ಸೀರೆಯ ಗಂಟು ಹೊತ್ತು ಹೋದವನ ಹಿಂದೆ ಅಷ್ಟು ದೂರ ಅಳುತ್ತ ಓಡಿದ್ದು ನೆನಪಾಯಿತು. ಆಗ ಹಿಂದೆ ಓಡುವುದಕ್ಕಾದರೂ ಒಬ್ಬನಿದ್ದ. ಈಗ ಯಾರ ಹಿಂದೆ ಓಡುವುದು ಎಂದು ತಿಳಿಯದೆ ಅವಳು ಮಗ್ಗದ ಹಲಗೆಯ ಮೇಲೆ ಕೂತುಬಿಟ್ಟಳು. ಅವಳಿಗೆ ಗಂಡ ಇನ್ನೊಮ್ಮೆ ಹೋದಂತಾಗಿತ್ತು.

ಅಕ್ಷತ ಸುಮ್ಮನೆ ಕೂರಲಿಲ್ಲ. ಹಿಂದಿನ ಬೀದಿಯ ಶಶಿರೇಖಾಳನ್ನು ಕರೆದುಕೊಂಡು ಬಂದಳು. ಶಶಿರೇಖಾ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಅಕ್ಕಯಮ್ಮನ ಮನೆಯ ಸೀರೆಯನ್ನೇ ಉಟ್ಟು ಮದುವೆಯಾದವಳು. ಅವಳು ಮೊದಲು ಮಾಡಿದ ಕೆಲಸ ಪ್ಲಗ್ ಕಿತ್ತದ್ದು.

“ಇನ್ನು ಇದನ್ನ ಯಾರೂ ಹಾಕ್ಬೇಡಿ. ಮತ್ತೆ ಮತ್ತೆ ಹಾಕಿದಷ್ಟೂ ಒಳಗಿರೋದು ಅಳಿಸೋಗ್ಬಹುದು. ಡಿಸ್ಕ್ ಬಿಚ್ಕೊಂಡು ಹೋಗ್ತೀನಿ. ಸಿಗುತ್ತೆ ಅಂತ ಮಾತು ಕೊಡಲ್ಲ ಅಕ್ಕಯಮ್ಮ. ಬೇರೆ ಕಡೆ ಒಂದು ಕಾಪಿ ಇಟ್ಟಿದೀರಾ?”

“ಎಲ್ಲಿಡ್ಲಮ್ಮ. ಇಲ್ಲೇ ಇತ್ತಲ್ಲ.”

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಶಶಿರೇಖಾಳಿಗೆ ಆ ಗಾದೆ ಬಾಯ ತುದಿಗೆ ಬಂದಿರಬೇಕು. ಅಕ್ಕಯಮ್ಮನ ಮುಖ ನೋಡಿ ನುಂಗಿಕೊಂಡಳು.

ಮುಂದಿನ ಭಾನುವಾರ ಅವಳು ಲ್ಯಾಪ್‌ಟಾಪ್ ಹಿಡಿದು ಬಂದಳು. ನವೀನ್, ಅಕ್ಷತ ದಾಬಸ್‌ಪೇಟೆಯಿಂದ ಬೆಳಿಗ್ಗೆಯೇ ಬಂದು ಕಾಯುತ್ತಿದ್ದರು. ಶಶಿರೇಖಾ ಚಿತ್ರ ತೆರೆದು ಪಕ್ಕಕ್ಕೆ ಸರಿದಳು. ಬಳ್ಳಿ ಇತ್ತು. ಅವರೆಯ ಹೂ ಇತ್ತು. ಹಕ್ಕಿಯ ಕಾಲು, ಹೊಟ್ಟೆ, ಮಡಿಸಿದ ರೆಕ್ಕೆ ಇತ್ತು. ಕುತ್ತಿಗೆಯ ಹತ್ತಿರ ಒಂದು ಗೆರೆ ಎಳೆದ ಹಾಗೆ ಎಲ್ಲ ನಿಂತು, ಮೇಲೆ ಬರೀ ಕಪ್ಪು.

“ಇಷ್ಟೇ ಸಿಕ್ಕಿದ್ದು” ಎಂದಳು ಶಶಿರೇಖಾ. “ಇಂಥ ಚಿತ್ರನ ಕಂಪ್ಯೂಟರ್ ಕೆಳಗಿಂದ ಮೇಲಕ್ಕೆ ಬರ್ಕೊಂಡು ಹೋಗುತ್ತೆ. ಅದಕ್ಕೇ ಕೆಳಗಿಂದು ಉಳೀತು, ಮೇಲಿಂದು ಹೋಯ್ತು.”

ಅಕ್ಕಯಮ್ಮ ತೆರೆಯ ಮೇಲೆ ಕೈ ಇಟ್ಟಳು. ಕಣ್ಣಲ್ಲಿ ನೀರು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ನವೀನ್‌ಗೆ ತಡೆಯಲಾಗಲಿಲ್ಲ.

“ತಪ್ಪು ನಂದೇ ಅತ್ತೆ. ಕಾಪಿ ಮಾಡ್ಕೊಳ್ದೆ ಕೈ ಹಾಕಿದ್ದು, ಹಾಕಿ ಬಿಟ್ಟೋಗಿದ್ದು.”

“ಕರೆಂಟ್ ಹೋಗಿರ್ಲಿಲ್ಲ ಅಳಿಯಂದ್ರೆ. ಪೂಜೆಗೆ ಅಂತ ಮೇನ್ ಇಳಿಸಿದ್ದು ನಾನು. ಹೇಳೋಕೆ ಬಾಯಿ ಬರ್ಲಿಲ್ಲ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಷತ ಕಾಫಿ ತಂದಳು.

“ಈಗ ಇದಕ್ಕೆ ಏನು ಹಾಕೋದು?” ಎಂದು ನವೀನ್ ಮೆಲ್ಲನೆ ಕೇಳಿದ.

“ಏನೂ ಬೇಡ” ಎಂದಳು ಅಕ್ಕಯಮ್ಮ. “ಮೊದಲಿದ್ದದ್ದೇ ಹಾಕಿಕೊಡಮ್ಮ ಶಶಿ. ಇಂಟರ್‌ನೆಟ್ ತೆಗ್ದಾಕು. ಹೊಸದು ಬಂದು ಆದದ್ದು ಸಾಕು.”

“ಹಾಕ್ಕೊಡ್ಬಹುದು. ಕೆಲವ್ರಿಗೆ ಅದೊಂದೇ ದಾರಿ. ಇನ್ನೊಂದು ವರ್ಷದ ತೇಪೆ ತರಿಸ್ಕೊಳ್ಳೋ ಅವಕಾಶಾನೂ ಕಂಪನಿ ಇಟ್ಟಿದೆ. ಆದ್ರೆ ವರ್ಷ ಆದ್ಮೇಲೆ ಮತ್ತದೇ ಕತೆ. ಇಂಟರ್‌ನೆಟ್ ಇಲ್ದಿದ್ರೂ ನೀವು ಯಾರದೋ ಪೆನ್‌ಡ್ರೈವ್ ಚುಚ್ತೀರಿ, ಅದ್ರಲ್ಲೇ ರೋಗ ಬರುತ್ತೆ. ಮೊದಲು ಇದನ್ನ ಹೇಳಿ, ಇದ್ರಲ್ಲಿ ನಿಮಗೆ ಏನು ಕೆಲಸ ಆಗ್ಬೇಕು?”

ಅಕ್ಕಯಮ್ಮ ಅರ್ಧ ಹಕ್ಕಿಗಳನ್ನು ನೋಡುತ್ತಲೇ ಇದ್ದಳು. ಅವಳು ಹೇಳಿದ್ದು ಯಾರೂ ನಿರೀಕ್ಷಿಸದ ಮಾತು.

“ಉಳಿದದ್ದು ನಾನು ಬರೀತೀನಿ.”

“ಅಮ್ಮ, ನಿಂಗೆ ಮೌಸ್ ಹಿಡಿಯೋಕೆ ಬರಲ್ಲ” ಎಂದಳು ಅಕ್ಷತ.

“ಮಗ್ಗ ಹೊಡೆಯೋಕೂ ಬರ್ತಿರ್ಲಿಲ್ಲ. ಕಲೀಲಿಲ್ವಾ? ಆ ತಲೆ ಹೆಂಗಿತ್ತು ಅಂತ ಗೊತ್ತಿರೋಳು ಈಗ ನಾನೊಬ್ಬಳೇ. ನಂದು ನಿಧಾನ. ಎಷ್ಟು ತಿಂಗಳು ಹಿಡಿಯುತ್ತೋ. ಒಂದು ಸಲ ಕಲ್ತದ್ದು ಆಮೇಲೆ ಬದಲಾಗಬಾರದು. ಇವತ್ತು ಇಲ್ಲಿದ್ದ ಗುಂಡಿ ನಾಳೆ ಅಲ್ಲಿಗೆ ಹೋದ್ರೆ ನಾನು ಸೋತೋಗ್ತೀನಿ. ಹಂಗಂತ ಕಳ್ಳ ಬಂದು ಇರೋ ಅರ್ಧಾನೂ ಹೊತ್ಕೊಂಡು ಹೋಗ್ಬಾರದು. ಅಂಥದ್ದು ಇದೆಯಾ?”

ಶಶಿರೇಖಾ ನಕ್ಕಳು. “ನೀವು ಕೇಳ್ತಿರೋದಕ್ಕೆ ಒಂದು ಹೆಸರೇ ಇದೆ. ಎಲ್‌ಟಿಎಸ್. ದೀರ್ಘಾವಧಿ ಬೆಂಬಲ ಅಂತ. ನವೀನ್, ನೀನು ತಂದಿದ್ದು ಯಾವುದು?”

“ಉಬುಂಟು ಅನ್ನೋ ಲಿನಕ್ಸ್. ಏಪ್ರಿಲ್‌ನಲ್ಲಿ ಬಂದಿದ್ದು.”

“ಅದು ಚೆನ್ನಾಗಿಲ್ಲ ಅಂತಲ್ಲ. ಆರಾರು ತಿಂಗಳಿಗೆ ಒಂದೊಂದು ಬರುತ್ತಲ್ಲ, ಆ ಥರದ್ದು. ಅದಕ್ಕೆ ಒಂಬತ್ತು ತಿಂಗಳು ಮಾತ್ರ ತೇಪೆ ಬರುತ್ತೆ. ಏಪ್ರಿಲ್‌ನಲ್ಲಿ ಬಂದಿದ್ದು ಸಂಕ್ರಾಂತಿಗೆ ಎಳ್ಳು ಬೀರೋ ಹೊತ್ತಿಗೆ ಮುಗೀತು. ಆಮೇಲೆ ಇನ್ನೊಂದಕ್ಕೆ ಹೋಗ್ಬೇಕು, ಅದಾದ್ಮೇಲೆ ಮತ್ತೊಂದು. ನಿನ್ನಂಥೋರಿಗೆ ಅದು ಖುಷಿ. ನಿಮ್ಮತ್ತೆ ಏನು ಮಾಡ್ತಾರೆ?”

“ಹೊಸದು ಅಂದ್ರೆ ಒಳ್ಳೇದು ಅನ್ಕೊಂಡಿದ್ದೆ” ಎಂದ ನವೀನ್.

“ಎಲ್ಲರೂ ಹಂಗೇ ಅನ್ಕೊಳ್ಳೋದು. ಎರಡು ವರ್ಷಕ್ಕೊಂದು ಸಲ ಎಲ್‌ಟಿಎಸ್ ಅಂತ ಬರುತ್ತೆ. ಅದಕ್ಕೆ ಐದು ವರ್ಷ ಕಾವಲು. ಈಗಿರೋದು 2024ರದು, ಅಂದ್ರೆ 2029ರ ತನಕ. ಅದೇ ಬುಡದ ಮೇಲೆ ಕಟ್ಟಿರೋ ಲಿನಕ್ಸ್ ಮಿಂಟ್ ಅಂತಾನೂ ಇದೆ. ನೋಡೋಕೆ ನಿಮ್ಮ ಹಳೇ ವಿಂಡೋಸ್ ಥರಾನೇ ಇರುತ್ತೆ, ಹಳೇ ಕಂಪ್ಯೂಟರ್‌ಗೂ ಹಗುರ. ಐದು ವರ್ಷದ ಒಳಗೆ ಮುಂದಿನ ಎಲ್‌ಟಿಎಸ್ ಬಂದ್ರೆ ಬಿಡುವಾದಾಗ ಹೋದರಾಯ್ತು, ಅವಸರ ಇಲ್ಲ.”

ಅಕ್ಕಯಮ್ಮನ ಅನುಮಾನ ಅಷ್ಟಕ್ಕೇ ಹೋಗಲಿಲ್ಲ. “ಐದು ವರ್ಷ ತೇಪೆ ಬರುತ್ತೆ ಅಂತೀಯ. ಬರೋವಾಗೆಲ್ಲ ಮನೆ ಬದಲಾದಂಗೆ ಆಗಲ್ವಾ?”

“ಇಲ್ಲ. ದೊಡ್ಡ ಬದಲಾವಣೆ ಮಾಡಲ್ಲ. ತೂತು ಎಲ್ಲಿದೆಯೋ ಅಲ್ಲಿಗಷ್ಟೇ ತೇಪೆ.”

ಅಕ್ಕಯಮ್ಮ ತನಗೆ ತಿಳಿಯುವ ದಾರಿಯಲ್ಲಿ ಅದನ್ನು ಹಿಡಿದಳು. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಹಾಸಿದ ನೂಲು, ಮುಗಿದರೆ ಯಾರೂ ಮಗ್ಗ ಬಿಚ್ಚುವುದಿಲ್ಲ. ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೆಚ್ಚುತ್ತಾರೆ, ಮಗ್ಗ ಹಾಗೆಯೇ ಮುಂದೆ ಓಡುತ್ತದೆ.

“ಕೆಚ್ಚಿದಂಗೆ ಅನ್ನು” ಎಂದಳು.

“ಹಂಗೇ ಅನ್ಕೊಳ್ಳಿ. ಆದ್ರೆ ಒಂದು ವಿಷ್ಯ ಇದೆ. ನಿಮ್ಮನೆಯವ್ರು ಬಳಸ್ತಿದ್ದ ಡಿಸೈನ್ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ನಡೆಯೋದು. ಲಿನಕ್ಸ್ ಹಾಕಿದ್ರೆ ಅದು ಬರಲ್ಲ. ಬಿಟ್ಟಿ ಸಿಗೋ ಬೇರೆ ಚಿತ್ರ ಬರೆಯೋ ಸಾಫ್ಟ್‌ವೇರ್ ಇದೆ. ಅದ್ರಲ್ಲಿ ಬರೆದ ಚಿತ್ರ ಕಾರ್ಡು ಹೊಡೆಯೋರಿಗೆ ಆಗುತ್ತಾ ಅಂತ ಮೊದಲೇ ಕೇಳ್ಬೇಕು. ಹಾಕಿದ್ಮೇಲೆ ಕೇಳಿದ್ರೆ ಪ್ರಯೋಜನ ಇಲ್ಲ.”

ಕಾರ್ಡು ಹೊಡೆಯುವ ಹರಿಪ್ರಸಾದ್‌ಗೆ ಅಲ್ಲಿಂದಲೇ ಫೋನ್ ಹೋಯಿತು. “ನನಗೆ ಬೇಕಾಗಿರೋದು ಚುಕ್ಕಿ ಚಿತ್ರದ ಫೈಲು ಕಣಮ್ಮ. ಅದನ್ನ ನೀವು ಯಾವುದ್ರಲ್ಲಿ ಬರೆದ್ರೂ ನಂಗೇನು” ಎಂದು ಅವನು ಹೇಳಿದ. ಶಶಿರೇಖಾ ಮೊದಲು ಏನನ್ನೂ ಹಾಕಲಿಲ್ಲ. ಹಳೆಯ ಡಿಸ್ಕನ್ನು ತೆಗೆದಿಟ್ಟು, ಮಿಂಟನ್ನು ಪೆನ್‌ಡ್ರೈವಿನಿಂದಲೇ ಓಡಿಸಿ ತೋರಿಸಿದಳು. ಮೌಸ್ ನಡೆಯಿತು, ಪ್ರಿಂಟರ್ ನಡೆಯಿತು, ಅರ್ಧ ಅಂಚು ತೆರೆಯಿತು. ಅದನ್ನು ಎರಡು ಕಡೆ ಕಾಪಿ ಮಾಡಿ ಒಂದನ್ನು ಅಕ್ಷತಳ ಕೈಗೆ ಕೊಟ್ಟಳು. ಆಮೇಲೆ ಹೊಸ ಡಿಸ್ಕಿಗೆ ಹಾಕಲು ಕೂತಳು. ಯುಪಿಎಸ್‌ಗೆ ಹೊಸ ಬ್ಯಾಟರಿ ತಂದು ಹಾಕಿದವನು ನವೀನ್. ಕೆಲಸ ಮುಗಿಯುವವರೆಗೂ ಅವನು ಮೇನ್ ಸ್ವಿಚ್ಚಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಅಕ್ಕಯಮ್ಮ ಅದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾಳೆ.

ದೀಪಾವಳಿ ಕಳೆದ ಮೇಲೆ ಅವಳು ಬರೆಯಲು ಶುರು ಮಾಡಿದಳು. ಮೊದಮೊದಲು ಬಾಣದ ಗುರುತು ಒಂದು ಕಡೆ, ಕೈ ಒಂದು ಕಡೆ. ಒಂದು ಚುಕ್ಕಿ ಇಡಲು ಹೋದರೆ ಹತ್ತು ಬೀಳುವುದು. ಅಳಿಸುವ ಗುಂಡಿ ಎಲ್ಲಿದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಕಲಿತಳು. ತೆರೆಯ ಮೂಲೆಯಲ್ಲಿ ತೇಪೆ ಬಂದಿದೆ ಎಂಬ ಗುರುತು ಕಂಡರೆ, ಈಗ ಗುಣಾಕಾರ ಒತ್ತಿ ಓಡಿಸುತ್ತಿರಲಿಲ್ಲ. ‘ಬಾರಪ್ಪ’ ಎಂದು ಒಪ್ಪಿಗೆ ಕೊಟ್ಟು, ಅದು ಮುಗಿಯುವವರೆಗೆ ಹುರುಳಿ ಆರಿಸುತ್ತ ಕೂರುತ್ತಿದ್ದಳು. ಮುಗಿದ ಮೇಲೆ ನೋಡಿದರೆ ಗುಂಡಿಗಳು ಇದ್ದಲ್ಲೇ ಇರುತ್ತಿದ್ದವು. ಅದೊಂದು ಸಮಾಧಾನ.

ಸಂಕ್ರಾಂತಿ ದಿನ ನವೀನ್ ಫೋನ್ ಮಾಡಿದ. “ಅತ್ತೆ, ನಾನು ತಂದಿದ್ನಲ್ಲ, ಅದಕ್ಕೆ ಕಾಲ ಮುಗೀತು ನೋಡಿ. ಅದೇ ಹಾಕಿದ್ರೆ ಇವತ್ತು ನಿಮಗೆ ಮತ್ತೆ ಹೊಸ ಪಾಠ ಆಗ್ತಿತ್ತು.”

“ನನ್ನ ಪಾಠ ಇನ್ನೂ ಹಕ್ಕಿ ಕುತ್ತಿಗೇಲೇ ಇದೆ” ಎಂದಳು ಅಕ್ಕಯಮ್ಮ.

ಕೈ ಕಲಿಯಿತು. ಕಷ್ಟವಾದದ್ದು ಬೇರೆ. ಹಕ್ಕಿಯ ತಲೆ ಬಿಡಿಸಲು ಕೂತರೆ ಪಕ್ಕದಿಂದ ಕೇಳುವವರು ಯಾರೂ ಇಲ್ಲ. ಆಗ ಗಂಡ ಕೇಳುತ್ತಿದ್ದುದರಿಂದಲೇ ಅವಳಿಗೆ ನೆನಪಾಗುತ್ತಿತ್ತು. ಕೇಳದೆ ನೆನಪು ಏಳುತ್ತಿರಲಿಲ್ಲ. ಕೆಲವು ಸಂಜೆ ತಾನೇ ಬಾಯಿಬಿಟ್ಟು ಕೇಳಿಕೊಳ್ಳುತ್ತಿದ್ದಳು, ಕಣ್ಣ ಸುತ್ತ ಹಳದಿ ಎಷ್ಟಿತ್ತು, ಕೊಕ್ಕು ತೆರೆದಿತ್ತಾ ಮುಚ್ಚಿತ್ತಾ ಎಂದು. ಉತ್ತರವೂ ತಾನೇ ಹೇಳಬೇಕು, ಹಂಗಲ್ಲ ಎನ್ನುವವಳೂ ತಾನೇ. ಒಂದೊಂದು ದಿನ ಒಂದು ಚುಕ್ಕಿಯೂ ಇಡದೆ, ಅವನು ಬರೆದ ರೆಕ್ಕೆಯನ್ನೇ ದೊಡ್ಡದು ಮಾಡಿಕೊಂಡು ನೋಡುತ್ತ ಕೂತುಬಿಡುತ್ತಿದ್ದಳು. ಎಷ್ಟು ಸಮ, ಎಷ್ಟು ಚೊಕ್ಕ. ಬೇಗ ಬಾ ಎಂದು ಕರೆಯಲು ಯಾರೂ ಇಲ್ಲದ ಮನೆಯಲ್ಲಿ ಹೀಗೆ ಕೂರುವುದು ಸುಲಭ. ಮುದ್ದೆ ಎಷ್ಟೋ ಸಲ ತಡವಾಯಿತು.

ಯುಗಾದಿ ಕಳೆದು ಅಂಚು ಮುಗಿಯಿತು. ಹರಿಪ್ರಸಾದ್ ಫೈಲನ್ನು ತನ್ನ ತೆರೆಯ ಮೇಲೆ ಹಾಕಿಕೊಂಡು, ಕನ್ನಡಕ ಏರಿಸಿ ನೋಡಿದ.

“ಅಕ್ಕಯಮ್ಮ, ಕೆಳಗಿಂದು ಗೋವಿಂದರಾಜು ಕೈ. ಗೊತ್ತಾಗುತ್ತೆ. ಇಲ್ಲಿ ಕುತ್ತಿಗೆಯಿಂದ ಮೇಲೆ ಚುಕ್ಕಿ ಸ್ವಲ್ಪ ವಾಲಿವೆ. ನೇಯ್ದರೆ ಅಲ್ಲಿ ಒಂದು ಗೆರೆ ಬಂದಂಗೆ ಕಾಣುತ್ತೆ. ಸರಿ ಮಾಡ್ಕೊಡ್ಲಾ? ಹೆಚ್ಚು ಹೊತ್ತು ಬೇಡ.”

ಅಕ್ಕಯಮ್ಮ ಬಗ್ಗಿ ನೋಡಿದಳು. ಗಂಡನ ಕೈ ಎಲ್ಲಿ ನಿಂತಿತ್ತೋ ಅಲ್ಲಿಂದ ತನ್ನ ಕೈ ಶುರುವಾಗಿತ್ತು. ಎರಡಕ್ಕೂ ನಡುವೆ ಒಂದು ಕೂದಲೆಳೆಯಷ್ಟು ಅಂತರ.

“ಬೇಡಪ್ಪ, ಇರ್ಲಿ. ಅದನ್ನೂ ಸರಿ ಮಾಡ್ಬಿಟ್ರೆ ಅವರನ್ನ ಎಲ್ಲಿ ಅಂತ ಹುಡುಕ್ಲಿ ನಾನು?”

ಹರಿಪ್ರಸಾದ್ ಕಾರ್ಡು ಹಾಗೆಯೇ ಹೊಡೆದುಕೊಟ್ಟ. ಮಗ್ಗ ಖಾಲಿಯಾದ ಒಂದು ವಾರ ಅಕ್ಕಯಮ್ಮ ತನಗಾಗಿ ಒಂದೇ ಒಂದು ಸೀರೆ ನೇಯಲು ಹಾಕಿದಳು. ಮೊದಲ ಜೋಡಿ ಹಕ್ಕಿ ಹೊರಬಂದಾಗ ಮಗ್ಗ ನಿಲ್ಲಿಸಿ, ಕಾಲಿನಿಂದ ತಲೆಯವರೆಗೆ ಬೆರಳಾಡಿಸಿದಳು. ಕುತ್ತಿಗೆಯ ಹತ್ತಿರ ಬೆರಳು ಸ್ವಲ್ಪ ಹೊತ್ತು ನಿಂತಿತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಏನೋ ಒಂದು ಇರುತ್ತದೆ. ತೀರಿಕೊಂಡವರ ಫೋಟೋ, ಮಗುವಿನ ಮೊದಲ ಮಾತು, ಸಂಘದ ಲೆಕ್ಕ. ಇವತ್ತು ಅದನ್ನು ಆನ್ ಮಾಡಿದಾಗ ಎಚ್ಚರಿಕೆಯ ಚೌಕ ಬಂದರೆ ಗುಣಾಕಾರ ಒತ್ತಬೇಡಿ, ಓದಿಸಿ ತಿಳಿಯಿರಿ. ಒಳಗಿರುವ ಆಪರೇಟಿಂಗ್ ಸಿಸ್ಟಮ್ ಯಾವುದು, ಅದಕ್ಕೆ ಕಾವಲು ಯಾವ ವರ್ಷದವರೆಗೆ ಎಂದು ಗೊತ್ತಿರುವವರನ್ನು ಕೇಳಿ. ಬದಲಾಯಿಸಲೇಬೇಕಾದರೆ ಹೊಸದು ಯಾವುದು ಎಂದು ಕೇಳಬೇಡಿ, ಬಹುಕಾಲ ಕಾಯುವುದು ಯಾವುದು ಎಂದು ಕೇಳಿ. ದಿನಾ ಹೊಸತು ನೋಡುವ ಹುಮ್ಮಸ್ಸು, ಬಿಡುವು ಇರುವವರು ಹೊಸದಕ್ಕೆ ಹೋಗಲಿ. ಕೂತು ಕೆಲಸ ಮಾಡಬೇಕಾದವರಿಗೆ ಎಲ್‌ಟಿಎಸ್ ಸಾಕು. ನಿಮ್ಮ ಕೆಲಸದ ಸಾಫ್ಟ್‌ವೇರ್, ಪ್ರಿಂಟರ್ ಅದರಲ್ಲಿ ನಡೆಯುತ್ತವೆಯೇ ಎಂದು ಪೆನ್‌ಡ್ರೈವಿನಿಂದ ಓಡಿಸಿ ಮೊದಲೇ ನೋಡಿ. ನಡೆಯದಿದ್ದರೆ ಅವಸರ ಬೇಡ, ಬೇರೆ ದಾರಿ ಕೇಳಿ. ಹಬ್ಬವಿರಲಿ ಹುಣ್ಣಿಮೆಯಿರಲಿ, ಬದಲಾಯಿಸುವ ಕೆಲಸ ಓಡುತ್ತಿರುವಾಗ ಸ್ವಿಚ್ ಇಳಿಸಬೇಡಿ.

ಎಲ್ಲಕ್ಕಿಂತ ಮೊದಲು, ಈ ಹಾಳೆ ಮಡಿಸುವ ಮುಂಚೆ, ಬೇಕಾದದ್ದನ್ನು ಇನ್ನೆರಡು ಕಡೆ ಕಾಪಿ ಮಾಡಿಡಿ. ಅಕ್ಕಯಮ್ಮನಿಗೆ ಅರ್ಧ ಹಕ್ಕಿಯಾದರೂ ಸಿಕ್ಕಿತು. ಎಲ್ಲರಿಗೂ ಅಷ್ಟೂ ಸಿಗುವುದಿಲ್ಲ.